ಅಪ್ಪಾಜಿಯ ರಿಪೋರ್ಟಿನಲ್ಲಿ ಯಾರೂ ಅಳೆಯದ 90

ಬಯೋಮೆಡಿಕಲ್ ಎಂಜಿನಿಯರಿಂಗ್ ಓದ್ತಿದ್ದೇನೆ ಅಂದರೆ ನಮ್ಮೂರಲ್ಲಿ ಎರಡೇ ಪ್ರಶ್ನೆ. ಒಂದು, ‘ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?’ ಇನ್ನೊಂದು, ‘ಅಂದ್ರೆ ಅರ್ಧ ಡಾಕ್ಟರಾ?’ ಮೊದಲನೆಯದಕ್ಕೆ ಉತ್ತರ ಸಿಗಲಿಲ್ಲ ಅಂತಲೇ, ಸಿಇಟಿ ರ‍್ಯಾಂಕ್ ಕೈಕೊಟ್ಟಿತ್ತು. ಎರಡನೆಯದಕ್ಕೆ ಖಡಾಖಂಡಿತವಾಗಿ ‘ಅಲ್ಲ’ ಅನ್ನಬೇಕಿತ್ತು. ಆದರೆ ನಾನು ಸುಮ್ಮನೆ ನಗುತ್ತಿದ್ದೆ. ಅರ್ಧ ಡಾಕ್ಟರು ಅನ್ನಿಸಿಕೊಳ್ಳುವುದು ಒಳಗೊಳಗೇ ಹಿತವಾಗಿತ್ತು.

ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ಅಪ್ಪಾಜಿ ಖಾಸಗಿ ಬಸ್ಸಿನ ಡ್ರೈವರ್. 49 ವರ್ಷ. ಬೆಳಿಗ್ಗೆ ಆರೂವರೆಗೆ ಸೀಟಿನಲ್ಲಿ ಕೂತರೆ ಇಳಿಯುವುದು ರಾತ್ರಿಯೇ. ದೊಡ್ಡಪ್ಪ 47ನೇ ವಯಸ್ಸಿಗೆ ತೋಟದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅದಾದ ಮೇಲೆ ಆರೋಗ್ಯ ಕೇಂದ್ರದ ಡಾಕ್ಟರು ಅಪ್ಪಾಜಿಗೆ, ‘ಒಡಹುಟ್ಟಿದವರಿಗೆ ಹೀಗಾಗಿದೆ ಅಂದ್ಮೇಲೆ ನೀವೂ ಒಂದ್ಸಲ ಲಿಪಿಡ್ ಪ್ರೊಫೈಲ್ ಮಾಡಿಸಿಕೊಂಡು ಬನ್ನಿ. ಮಾತ್ರೆ ಬೇಕೋ ಬೇಡ್ವೋ ಆಮೇಲೆ ನೋಡೋಣ’ ಎಂದಿದ್ದರು.

ಕಳೆದ ವರ್ಷ ಫೆಬ್ರುವರಿಯಲ್ಲಿ ನಮ್ಮ ಕಡೆ ಒಂದು ತಪಾಸಣಾ ಶಿಬಿರ ನಡೆಯಿತು. ಹಿಂದಿನ ರಾತ್ರಿ ಸೋದರತ್ತೆಯ ಮಗನ ಮದುವೆ ಊಟ, ಹೋಳಿಗೆಯ ಮೇಲೆ ತುಪ್ಪದ ಹೊಳೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ. ಅದೆಲ್ಲ ಆದ ಮೇಲೆ ಅಪ್ಪಾಜಿ ಕೈ ಚಾಚಿ ರಕ್ತ ಕೊಟ್ಟು ಬಂದಿದ್ದರು. ಎರಡು ದಿನ ಬಿಟ್ಟು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಬಂತು. ಒಟ್ಟು ಕೊಲೆಸ್ಟ್ರಾಲ್ 228, ಟ್ರೈಗ್ಲಿಸರೈಡ್ 520, ಎಚ್‌ಡಿಎಲ್ 34, ವಿಎಲ್‌ಡಿಎಲ್ 104, ಎಲ್‌ಡಿಎಲ್ 90.

ನನಗೆ ಗೊತ್ತಿದ್ದದ್ದು ಒಂದೇ ವಿಷಯ. ಎಲ್‌ಡಿಎಲ್ ‘ಕೆಟ್ಟ ಕೊಲೆಸ್ಟ್ರಾಲ್’, ಅದು 100ರ ಒಳಗಿದ್ದರೆ ಒಳ್ಳೆಯದು. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ‘ಕೆಟ್ಟದ್ದು 90 ಇದೆ ಅಪ್ಪಾಜಿ, ಚೆನ್ನಾಗಿದೆ. ಆ 520 ಮದುವೆ ಊಟದ್ದು. ಏನೂ ಯೋಚನೆ ಮಾಡ್ಬೇಡಿ.’

‘ಹಂಗಾದ್ರೆ ಡಾಕ್ಟ್ರ ಹತ್ರ ಹೋಗೋದು ಬೇಡ ಅಲ್ವಾ ಪುಟ್ಟಿ?’

‘ಬೇಡ ಬಿಡಿ.’

ಇಷ್ಟೇ ಮಾತು. ನಾಲ್ಕು ತಿಂಗಳು ಆ ಮಾತಿನ ಮೇಲೆ ನಮ್ಮ ಮನೆ ನಿಶ್ಚಿಂತೆಯಿಂದ ನಡೆಯಿತು.

ಹಾಲಿನಂಥ ರಕ್ತ

ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ ಇಂಟರ್ನ್‌ಶಿಪ್‌ಗೆಂದು ದಾವಣಗೆರೆಯ ಒಂದು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಪ್ರಯೋಗಾಲಯಕ್ಕೆ ಸೇರಿದೆ. ನಾಲ್ಕು ವಾರ. ಯಂತ್ರ ಬಿಚ್ಚಿ ತೋರಿಸುತ್ತಾರೆ ಅಂದುಕೊಂಡು ಹೋದವಳಿಗೆ ಮೊದಲ ವಾರ ಸಿಕ್ಕಿದ್ದು ಟ್ಯೂಬಿಗೆ ಬಾರ್‌ಕೋಡ್ ಅಂಟಿಸುವ ಕೆಲಸ. ಬೇಜಾರಾಗಿತ್ತು. ಆದರೆ ಕೈಯಲ್ಲಿ ದಿನಕ್ಕೆ ನೂರಾರು ಟ್ಯೂಬು ಹಿಡಿದಾಗ ಕಣ್ಣು ತಾನಾಗಿ ಕಲಿಯುತ್ತದೆ. ರಕ್ತ ಹೆಪ್ಪುಗಟ್ಟಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಭಾಗ ತಳಕ್ಕೆ ಹೋಗಿ ಮೇಲೆ ಸೀರಮ್ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ತಿಳಿಹಳದಿ, ಎಳನೀರಿಗೆ ಒಂಚೂರು ಅರಿಸಿನ ಬಿದ್ದ ಹಾಗೆ. ಒಂದು ದಿನ ಕೈಗೆ ಬಂದ ಟ್ಯೂಬಿನಲ್ಲಿ ಸೀರಮ್ ಹಾಲಿನಂತೆ ಬೆಳ್ಳಗಿತ್ತು. ಗಾಬರಿಯಾಗಿ ಹಿರಿಯ ಟೆಕ್ನಿಷಿಯನ್ ಹತ್ತಿರ ಓಡಿದೆ. ಅವರು ನಕ್ಕು, ‘ಇದನ್ನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಇಡಮ್ಮ, ನಾಳೆ ಬೆಳಿಗ್ಗೆ ನೋಡು’ ಅಂದರು.

ಬೆಳಿಗ್ಗೆ ನೋಡಿದರೆ ಮೇಲೆ ಕೆನೆ ಕಟ್ಟಿತ್ತು! ಥೇಟ್ ನಮ್ಮ ಮನೆಯ ಹಾಲಿನ ಪಾತ್ರೆ. ಅದು ಕೈಲೊಮೈಕ್ರಾನ್, ಅಂದರೆ ಊಟದ ಕೊಬ್ಬನ್ನು ಕರುಳಿನಿಂದ ಹೊತ್ತು ತರುವ ಕಣ. ಅದರ ಕೆಳಗಿನ ದ್ರವವೂ ಮಂಜುಮಂಜಾಗಿ ಉಳಿದಿದ್ದರೆ ಅಲ್ಲಿ ವಿಎಲ್‌ಡಿಎಲ್ ಹೆಚ್ಚಿದೆ ಎಂದು ಅರ್ಥ. ಹಿಂದಿನ ಕಾಲದಲ್ಲಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡುವುದೇ ಒಂದು ಪರೀಕ್ಷೆಯಾಗಿತ್ತಂತೆ. ಖರ್ಚಿಲ್ಲ, ಯಂತ್ರವಿಲ್ಲ.

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ ಎನ್ನುವುದು ಗೊತ್ತೇ ಇದೆ. ರಕ್ತದಲ್ಲಿ ಬಹುಪಾಲು ನೀರು. ಹಾಗಿದ್ದರೆ ಕೊಬ್ಬು ಮತ್ತು ಕೊಲೆಸ್ಟ್ರಾಲ್ ಅದರಲ್ಲಿ ಸಾಗುವುದು ಹೇಗೆ? ದೇಹ ಅವನ್ನು ಉಂಡೆ ಕಟ್ಟಿ, ಸುತ್ತ ಪ್ರೋಟೀನಿನ ಕವಚ ತೊಡಿಸಿ ಕಳಿಸುತ್ತದೆ. ಈ ಉಂಡೆಗಳೇ ಲಿಪೊಪ್ರೋಟೀನ್. ಕೊಬ್ಬು ಜಾಸ್ತಿ ಇದ್ದರೆ ಉಂಡೆ ದೊಡ್ಡದು, ಹಗುರ. ಪ್ರೋಟೀನ್ ಜಾಸ್ತಿ ಇದ್ದರೆ ಚಿಕ್ಕದು, ಭಾರ. ಕೈಲೊಮೈಕ್ರಾನ್ ನೂರಾರು ನ್ಯಾನೊಮೀಟರ್ ಗಾತ್ರದ್ದು. ಎಲ್‌ಡಿಎಲ್ 20ರಿಂದ 25 ನ್ಯಾನೊಮೀಟರ್, ಎಚ್‌ಡಿಎಲ್ ಸುಮಾರು 10. ಎಲ್‌ಡಿಎಲ್, ಎಚ್‌ಡಿಎಲ್ ಎನ್ನುವ ಹೆಸರಿನಲ್ಲಿರುವ ‘ಡಿ’ ಅಂದರೆ ಡೆನ್ಸಿಟಿ, ಸಾಂದ್ರತೆ. ಎರಡು ವರ್ಷ ಎಂಜಿನಿಯರಿಂಗ್ ಓದಿಯೂ ನಾನು ಈ ‘ಡಿ’ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಬಿತ್ತನೆ ಭತ್ತ ಮತ್ತು ಉಪ್ಪುನೀರು

ಭದ್ರಾ ನಾಲೆಯ ಕಡೆಯವರಿಗೆ ಇದು ಗೊತ್ತಿರುತ್ತದೆ. ಬಿತ್ತನೆಗೆ ಭತ್ತ ಆರಿಸುವಾಗ ಬಕೆಟ್ ನೀರಿಗೆ ಉಪ್ಪು ಕಲಸುತ್ತಾ ಹೋಗುತ್ತಾರೆ, ಕೋಳಿಮೊಟ್ಟೆ ತೇಲುವವರೆಗೆ. ಆಮೇಲೆ ಭತ್ತ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿಕಾಳು ತಳದಲ್ಲಿ ಉಳಿಯುತ್ತದೆ. ಬರಿ ನೀರಿನಲ್ಲಿ ಮುಳುಗುತ್ತಿದ್ದ ಅರೆಜೊಳ್ಳು ಕೂಡ ಉಪ್ಪುನೀರಿನಲ್ಲಿ ತೇಲಿ ಸಿಕ್ಕಿಬೀಳುತ್ತದೆ. ತಾತ ಪ್ರತಿ ವರ್ಷ ಹಾಗೇ ಮಾಡುತ್ತಿದ್ದರು.

ಲಿಪೊಪ್ರೋಟೀನ್‌ಗಳನ್ನು ಮೊದಲು ಬಿಡಿಸಿ ನೋಡಿದ್ದೂ ಇದೇ ಉಪಾಯದಿಂದ. 1929ರಲ್ಲೇ ಪ್ಯಾರಿಸ್ಸಿನಲ್ಲಿ ಮಿಶೆಲ್ ಮಾಶ್‌ಬಫ್ ಕುದುರೆಯ ಸೀರಮ್‌ನಿಂದ ಇಂಥದ್ದೊಂದು ಕೊಬ್ಬು-ಪ್ರೋಟೀನ್ ಜೋಡಿಯನ್ನು ಬೇರ್ಪಡಿಸಿದ್ದರು. ಆದರೆ ರಕ್ತದಲ್ಲಿ ಇವು ಎಷ್ಟು ಬಗೆ ಎಂದು ತಿಳಿಯಲು ಅಲ್ಟ್ರಾಸೆಂಟ್ರಿಫ್ಯೂಜ್ ಬೇಕಾಯಿತು. ಸ್ವೀಡನ್ನಿನ ಉಪ್ಸಾಲಾದಲ್ಲಿ ಅದನ್ನು ಕಟ್ಟಿದವರು ಥಿಯೊಡೊರ್ ಸ್ವೆಡ್‌ಬೆರಿ, 1926ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದವರು. ಆ ಯಂತ್ರದಲ್ಲಿ ಸೀರಮ್ ತಿರುಗಿಸಿದಾಗ ಒಂದು ವಿಚಿತ್ರ ಕಾಣಿಸುತ್ತಿತ್ತು. ಕೆಲವು ಪ್ರೋಟೀನ್‌ಗಳು ನೆಟ್ಟಗೆ ತಳಕ್ಕೂ ಹೋಗದೆ, ಮೇಲಕ್ಕೂ ಬರದೆ ಲೆಕ್ಕ ಕೆಡಿಸುತ್ತಿದ್ದವು.

ಇದನ್ನು ಬಿಡಿಸಿದ್ದು 1940ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಜಾನ್ ಗೋಫ್‌ಮನ್ ಮತ್ತು ಅವರ ವಿದ್ಯಾರ್ಥಿಗಳು. ಗೋಫ್‌ಮನ್ ಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಗಾಗಿ ಪ್ಲುಟೋನಿಯಂ ಬೇರ್ಪಡಿಸಿದ್ದವರು, ಆಮೇಲೆ ವೈದ್ಯಕೀಯ ಓದಿ ಮುಗಿಸಿದವರು. ಅವರು ಮಾಡಿದ್ದು ತಾತನ ಕೆಲಸವನ್ನೇ, ಸೀರಮ್‌ಗೆ ಉಪ್ಪು ಸೇರಿಸಿ ದ್ರವದ ಸಾಂದ್ರತೆ ಏರಿಸಿದರು. ಈಗ ಆ ಗೊಂದಲದ ಪ್ರೋಟೀನ್‌ಗಳು ಜೊಳ್ಳಿನಂತೆ ಮೇಲಕ್ಕೆ ತೇಲಿದವು, ಅದೂ ಬೇರೆ ಬೇರೆ ವೇಗದಲ್ಲಿ. ಒಂದೇ ‘ಕೊಲೆಸ್ಟ್ರಾಲ್’ ಅಂದುಕೊಂಡಿದ್ದು ಹಲವು ವಾಹನಗಳಲ್ಲಿ ಓಡಾಡುತ್ತಿದೆ, ಹೃದ್ರೋಗದ ನಂಟು ಎಲ್ಲ ವಾಹನಕ್ಕೂ ಒಂದೇ ತೆರನಾಗಿಲ್ಲ ಎಂದು ಅವರು 1950ರಲ್ಲಿ ಬರೆದರು.

ಇವತ್ತಿಗೂ ಗಡಿಗೆರೆಗಳು ಸಾಂದ್ರತೆಯ ಮೇಲೆಯೇ ಇವೆ. ಮಿಲಿಲೀಟರಿಗೆ 1.006 ಗ್ರಾಂಗಿಂತ ಕಡಿಮೆ ಇದ್ದರೆ ವಿಎಲ್‌ಡಿಎಲ್, 1.019ರಿಂದ 1.063 ಎಲ್‌ಡಿಎಲ್, ಅಲ್ಲಿಂದ 1.21ರವರೆಗೆ ಎಚ್‌ಡಿಎಲ್. ಪೊಟ್ಯಾಸಿಯಂ ಬ್ರೋಮೈಡ್ ಹಾಕಿ ಹಂತಹಂತವಾಗಿ ಸಾಂದ್ರತೆ ಏರಿಸುತ್ತಾ, ಪ್ರತಿ ಹಂತದಲ್ಲೂ ಮೇಲೆ ಬಂದದ್ದನ್ನು ಎತ್ತಿಕೊಳ್ಳುವ ಕ್ರಮವನ್ನು 1955ರಲ್ಲಿ ಹ್ಯಾವೆಲ್, ಈಡರ್, ಬ್ರಾಗ್‌ಡನ್ ಎಂಬ ಮೂವರು ಪ್ರಕಟಿಸಿದರು. ಒಂದು ಸುತ್ತಿಗೆ ಗುರುತ್ವದ ಲಕ್ಷ ಪಟ್ಟು ಬಲ, ಹದಿನೆಂಟು ಗಂಟೆ ತಿರುಗಾಟ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಿನಕ್ಕೆ ಇನ್ನೂರು ರೋಗಿಗಳಿಗೆ ಹೀಗೆ ಮಾಡಲು ಸಾಧ್ಯವೇ?

ಆಗದ್ದರಿಂದಲೇ ಬೇರೆ ದಾರಿಗಳು ಹುಟ್ಟಿದವು. ಕಾಗದದ ಪಟ್ಟಿಯ ಮೇಲೆ ಒಂದು ಹನಿ ಸೀರಮ್ ಇಟ್ಟು ವಿದ್ಯುತ್ ಹರಿಸಿದರೆ ಲಿಪೊಪ್ರೋಟೀನ್‌ಗಳು ಬೇರೆ ಬೇರೆ ದೂರಕ್ಕೆ ಓಡುತ್ತವೆ. ಕೊಬ್ಬಿಗೆ ಹತ್ತುವ ಬಣ್ಣ ಹಾಕಿದರೆ ಪಟ್ಟೆಗಳು ಎದ್ದು ಕಾಣುತ್ತವೆ. ಎಲ್‌ಡಿಎಲ್‌ನದು ಬೀಟಾ ಪಟ್ಟೆ, ಎಚ್‌ಡಿಎಲ್‌ನದು ಆಲ್ಫಾ. ಎಲೆಕ್ಟ್ರೊಫೊರೆಸಿಸ್ ಎಂಬ ಈ ವಿಧಾನ ಹಿಡಿದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೊನಾಲ್ಡ್ ಫ್ರೆಡ್ರಿಕ್ಸನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ರಕ್ತದ ಕೊಬ್ಬಿನ ಕಾಯಿಲೆಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಅದಕ್ಕೂ ಮೊದಲು ಇದೇ ಫ್ರೆಡ್ರಿಕ್ಸನ್ ಬಳಿಗೆ ವರ್ಜೀನಿಯಾದ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪದ ಒಬ್ಬ ಹುಡುಗನ ವಿಷಯ ಬಂದಿತ್ತು. ಅವನ ಟಾನ್ಸಿಲ್ ಕಿತ್ತಳೆ ಬಣ್ಣಕ್ಕಿತ್ತು. ಪರೀಕ್ಷಿಸಿದರೆ ಅವನ ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಅವನ ಅಕ್ಕನಿಗೂ ಹಾಗೇ. 1961ರಲ್ಲಿ ವರದಿಯಾದ ಆ ಕಾಯಿಲೆಗೆ ದ್ವೀಪದ ಹೆಸರೇ ಉಳಿಯಿತು. ಅದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 1999ರಲ್ಲಿ. ಒಂದು ಟಾನ್ಸಿಲ್ ಬಣ್ಣದಿಂದ ಎಲ್ಲಿಗೆಲ್ಲ ಹೋದರು ನೋಡಿ.

ಇನ್ನೊಂದು ದಾರಿ ಹಾಲು ಒಡೆಯುವ ಹಾಗಿನದು. ಸೀರಮ್‌ಗೆ ಹೆಪಾರಿನ್ ಮತ್ತು ಮ್ಯಾಂಗನೀಸ್ ಹಾಕಿದರೆ ಎಲ್‌ಡಿಎಲ್, ವಿಎಲ್‌ಡಿಎಲ್ ಎಲ್ಲ ಗಟ್ಟಿಯಾಗಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯಲ್ಲಿ ಉಳಿಯುವುದು ಎಚ್‌ಡಿಎಲ್ ಮಾತ್ರ. ಆ ತಿಳಿಯಲ್ಲಿ ಎಷ್ಟು ಕೊಲೆಸ್ಟ್ರಾಲ್ ಇದೆ ಎಂದು ಅಳೆದರೆ ಮುಗಿಯಿತು.

ಅಳೆಯುವುದು ಹೇಗೆ ಎನ್ನುವುದು ನನ್ನ ಮಟ್ಟಿಗೆ ಇಡೀ ಇಂಟರ್ನ್‌ಶಿಪ್‌ನ ಚೆಂದದ ಭಾಗ. ಯಂತ್ರದೊಳಗೆ ಕೆಲವೇ ಮೈಕ್ರೊಲೀಟರ್ ಸೀರಮ್, 37 ಡಿಗ್ರಿ ಬಿಸಿ. ಒಂದು ಕಿಣ್ವ ಕೊಲೆಸ್ಟ್ರಾಲಿಗೆ ಅಂಟಿದ ಕೊಬ್ಬಿನ ಆಮ್ಲವನ್ನು ಕತ್ತರಿಸುತ್ತದೆ. ಇನ್ನೊಂದು ಆ ಕೊಲೆಸ್ಟ್ರಾಲನ್ನು ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಮೂರನೆಯದು ಆ ಪೆರಾಕ್ಸೈಡ್ ಬಳಸಿ ಬಣ್ಣವಿಲ್ಲದ ಎರಡು ರಾಸಾಯನಿಕಗಳನ್ನು ಬೆಸೆದು ಗುಲಾಬಿ-ಕೆಂಪು ಬಣ್ಣ ಬರಿಸುತ್ತದೆ. ಕೊಲೆಸ್ಟ್ರಾಲ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. 500 ನ್ಯಾನೊಮೀಟರ್ ಆಸುಪಾಸಿನ ಬೆಳಕು ಹಾಯಿಸಿ ಎಷ್ಟು ಹೀರಿತು ಎಂದು ನೋಡಿದರೆ ಲೆಕ್ಕ ಸಿಕ್ಕಿತು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಐದು ಅಂಕಕ್ಕೆ ಉರು ಹೊಡೆದಿದ್ದ ಬಿಯರ್-ಲ್ಯಾಂಬರ್ಟ್ ನಿಯಮ! 1974ರಿಂದ ಹೆಚ್ಚುಕಡಿಮೆ ಇದೇ ಕ್ರಮ ಜಗತ್ತಿನಾದ್ಯಂತ ನಡೆಯುತ್ತಿದೆ. ಅದಕ್ಕೂ ಮುಂಚೆ ಪ್ರಬಲ ಆಮ್ಲಗಳನ್ನು ಸುರಿದು ಬಣ್ಣ ಬರಿಸುತ್ತಿದ್ದರು, ಟೆಕ್ನಿಷಿಯನ್ನರ ಬಟ್ಟೆ ತೂತಾಗುತ್ತಿತ್ತು ಎಂದು ನಮ್ಮ ಸರ್ ತಮ್ಮ ಗುರುಗಳ ಕಾಲದ ಕಥೆ ಹೇಳುತ್ತಿದ್ದರು. ಈ ಬಣ್ಣದ ಕ್ರಿಯೆಗೂ ಒಂದು ದೌರ್ಬಲ್ಯ ಇದೆ. ವಿಟಮಿನ್ ಸಿ ಮಾತ್ರೆ ಭಾರೀ ಪ್ರಮಾಣದಲ್ಲಿ ನುಂಗಿದ್ದರೆ ಅದು ಪೆರಾಕ್ಸೈಡನ್ನು ನಡುವೆಯೇ ಕಬಳಿಸಿ ಫಲಿತಾಂಶವನ್ನು ಸುಳ್ಳೇ ಇಳಿಸಬಹುದು.

ಐದರಿಂದ ಭಾಗಿಸು

ಮೂರನೇ ವಾರ. ಅವತ್ತು ನನಗೆ ರಿಪೋರ್ಟ್ ತಯಾರಾಗುವ ಕಂಪ್ಯೂಟರ್ ಮುಂದೆ ಕೂರಲು ಬಿಟ್ಟಿದ್ದರು. ಯಂತ್ರದಿಂದ ಒಟ್ಟು ಕೊಲೆಸ್ಟ್ರಾಲ್ ಬಂತು, ಟ್ರೈಗ್ಲಿಸರೈಡ್ ಬಂತು, ಎಚ್‌ಡಿಎಲ್ ಬಂತು. ಎಲ್‌ಡಿಎಲ್‌ಗೆ ಯಾವ ಟ್ಯೂಬೂ, ಯಾವ ಬಣ್ಣವೂ ಇರಲಿಲ್ಲ. ಆದರೂ ಅಂಕಿ ಕಾಣಿಸಿತು. ‘ಇದು ಎಲ್ಲಿಂದ ಬಂತು ಸರ್?’

‘ಅದು ಲೆಕ್ಕಮ್ಮ. ಫ್ರೀಡ್‌ವಾಲ್ಡ್ ಸೂತ್ರ.’

1972ರಲ್ಲಿ ಫ್ರೀಡ್‌ವಾಲ್ಡ್, ಲೆವಿ ಮತ್ತು ಮೊದಲು ಹೇಳಿದ ಅದೇ ಫ್ರೆಡ್ರಿಕ್ಸನ್ ಸೇರಿ, ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದೆಯೂ ಎಲ್‌ಡಿಎಲ್ ಅಂದಾಜು ಮಾಡುವ ಉಪಾಯ ಹೇಳಿದರು. ಖಾಲಿ ಹೊಟ್ಟೆಯಲ್ಲಿ ರಕ್ತದ ಟ್ರೈಗ್ಲಿಸರೈಡ್ ಬಹುಪಾಲು ವಿಎಲ್‌ಡಿಎಲ್‌ನಲ್ಲೇ ಇರುತ್ತದೆ. ಅದರಲ್ಲಿ ಐದು ಪಾಲು ಟ್ರೈಗ್ಲಿಸರೈಡಿಗೆ ಸರಿಸುಮಾರು ಒಂದು ಪಾಲು ಕೊಲೆಸ್ಟ್ರಾಲ್. ಹಾಗಾಗಿ ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ ವಿಎಲ್‌ಡಿಎಲ್ ಕೊಲೆಸ್ಟ್ರಾಲ್. ಅದನ್ನೂ ಎಚ್‌ಡಿಎಲ್ಲನ್ನೂ ಒಟ್ಟು ಮೊತ್ತದಿಂದ ಕಳೆದರೆ ಉಳಿದದ್ದು ಎಲ್‌ಡಿಎಲ್. ಆ ಅಧ್ಯಯನದಲ್ಲಿದ್ದವರು 448 ಜನ. ಐದನೇ ಕ್ಲಾಸಿನ ಹುಡುಗರೂ ಮಾಡಬಹುದಾದ ಈ ಲೆಕ್ಕ ಐವತ್ತು ವರ್ಷ ಇಡೀ ಜಗತ್ತಿನ ಹೃದಯ ಚಿಕಿತ್ಸೆಯನ್ನು ನಡೆಸಿತು ಎಂದರೆ ನಂಬುವುದು ಕಷ್ಟ.

‘ಒಂದೇ ಷರತ್ತು’ ಎಂದರು ಸರ್. ‘ಟ್ರೈಗ್ಲಿಸರೈಡ್ 400 ದಾಟಿದ್ರೆ ಈ ಲೆಕ್ಕ ಹಾಕಂಗಿಲ್ಲ. ಸೂತ್ರ ಬರೆದವರೇ ಅದನ್ನ ಹೇಳಿದಾರೆ. ನಮ್ಮ ಸಾಫ್ಟ್‌ವೇರ್ ಆ ಜಾಗ ಖಾಲಿ ಬಿಡುತ್ತೆ.’

ನನ್ನ ಕೈ ತಣ್ಣಗಾಯಿತು. ಆಚೆ ಹೋಗಿ ಫೋನಿನ ಗ್ಯಾಲರಿಯಲ್ಲಿ ಫೆಬ್ರುವರಿಯವರೆಗೂ ಹಿಂದೆ ಸರಿಸಿದೆ. 520 ಭಾಗಿಸು 5, ಅಂದರೆ 104. 228ರಿಂದ 34 ಕಳೆದು, 104 ಕಳೆದರೆ 90.

ಕರಾರುವಾಕ್ಕಾಗಿ 90. ಆ ಅಂಕಿಯನ್ನು ಯಾವ ಯಂತ್ರವೂ ಅಳೆದಿರಲಿಲ್ಲ. ಹೋಳಿಗೆ ತುಪ್ಪ ಉಂಡವರ ರಕ್ತದಲ್ಲಿ ಕೈಲೊಮೈಕ್ರಾನ್ ತುಂಬಿರುತ್ತದೆ. ಅದರಲ್ಲಿ ಟ್ರೈಗ್ಲಿಸರೈಡಿನ ಪಾಲು ಬಲು ಹೆಚ್ಚು, ಕೊಲೆಸ್ಟ್ರಾಲ್ ತೀರಾ ಕಡಿಮೆ. ಅಲ್ಲಿ 5ರಿಂದ ಭಾಗಿಸಿದರೆ ಇಲ್ಲದ ಕೊಲೆಸ್ಟ್ರಾಲನ್ನು ಕಳೆದಂತೆ. ಎಷ್ಟು ಹೆಚ್ಚು ಕಳೆಯುತ್ತೇವೋ ಎಲ್‌ಡಿಎಲ್ ಅಷ್ಟು ಚೆಂದ ಕಾಣಿಸುತ್ತದೆ. ಅಂದರೆ ಅಪ್ಪಾಜಿ ಇನ್ನೆರಡು ಹೋಳಿಗೆ ಜಾಸ್ತಿ ತಿಂದಿದ್ದರೆ ಅವರ ‘ಕೆಟ್ಟ ಕೊಲೆಸ್ಟ್ರಾಲ್’ ಇನ್ನೂ ಕಡಿಮೆ ಬರುತ್ತಿತ್ತು!

ಆ ಶಿಬಿರದವರು ಲೆಕ್ಕದ ಅಂಕಿಯನ್ನು ಅಳತೆಯ ಅಂಕಿಗಳ ಸಾಲಿನಲ್ಲೇ, ಅದೇ ಅಕ್ಷರದಲ್ಲಿ ಅಚ್ಚು ಹಾಕಿದ್ದು ತಪ್ಪು. ಆದರೆ ಡಾಕ್ಟರ ಹತ್ತಿರ ಹೋಗುವುದು ಬೇಡ ಎಂದವಳು ನಾನು. ಅವರು 520 ಅನ್ನು ದಪ್ಪ ಅಕ್ಷರದಲ್ಲೇ ಹಾಕಿದ್ದರು. ಅದನ್ನು ನೋಡಿಯೂ ಮದುವೆ ಊಟದ ಖಾತೆಗೆ ಬರೆದು ಕೈತೊಳೆದುಕೊಂಡಿದ್ದೆ.

ಅವತ್ತು ರಾತ್ರಿ ಅಪ್ಪಾಜಿಗೆ ಫೋನ್ ಮಾಡಲು ನಾಲ್ಕು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಕೊನೆಗೆ ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ. ‘ನಿಮ್ಮ ದೊಡ್ಡಪ್ಪಂಗೂ ಯಾರೋ ಏನೂ ಇಲ್ಲ ಅಂದಿದ್ರಂತೆ’ ಅಂದಳು. ಬೈದಿದ್ದರೆ ವಾಸಿಯಿತ್ತು.

ಎರಡು ವಾರ ಮಾಮೂಲಿ ಊಟ, ಹಿಂದಿನ ರಾತ್ರಿ ಹನ್ನೆರಡು ಗಂಟೆ ಉಪವಾಸ, ಆಮೇಲೆ ಅಪ್ಪಾಜಿಯನ್ನು ನಮ್ಮ ಪ್ರಯೋಗಾಲಯಕ್ಕೇ ಕರೆಸಿದೆ. ಟ್ಯೂಬಿಗೆ ನಾನೇ ಬಾರ್‌ಕೋಡ್ ಅಂಟಿಸಿದೆ. ಈ ಸಲ ಒಟ್ಟು ಕೊಲೆಸ್ಟ್ರಾಲ್ 212, ಟ್ರೈಗ್ಲಿಸರೈಡ್ 215, ಎಚ್‌ಡಿಎಲ್ 36. ಲೆಕ್ಕದ ಎಲ್‌ಡಿಎಲ್ 133. ಸರ್ ನೇರ ವಿಧಾನದಲ್ಲೂ ಮಾಡಿಸಿದರು, ಅದರಲ್ಲಿ 129. 90 ಎಲ್ಲೂ ಇರಲಿಲ್ಲ.

ನೇರ ವಿಧಾನ ಅಂದರೆ ಸೂತ್ರವಿಲ್ಲದೆ, ಯಂತ್ರದೊಳಗೇ ಎಲ್‌ಡಿಎಲ್ಲನ್ನು ಅಳೆಯುವುದು. 1990ರ ದಶಕದಲ್ಲಿ ಬಂದದ್ದು. ವಿಶೇಷ ಡಿಟರ್ಜೆಂಟ್‌ಗಳು ಬೇರೆ ಕಣಗಳನ್ನು ಪಕ್ಕಕ್ಕಿಟ್ಟು ಬೇಕಾದ ಕಣದ ಕೊಲೆಸ್ಟ್ರಾಲ್ ಮಾತ್ರ ಕಿಣ್ವಕ್ಕೆ ಸಿಗುವಂತೆ ಮಾಡುತ್ತವೆ. ತಿರುಗಿಸುವುದು, ಒಡೆಸುವುದು ಏನೂ ಬೇಡ. ಆದರೆ ಒಂದೊಂದು ಕಂಪನಿಯ ಕಿಟ್ ಒಂದೊಂದು ರಸಾಯನ ಬಳಸುತ್ತದೆ. ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ ಬಂದರೂ ಟ್ರೈಗ್ಲಿಸರೈಡ್ ಏರಿದವರಲ್ಲಿ ಕಿಟ್‌ನಿಂದ ಕಿಟ್‌ಗೆ ವ್ಯತ್ಯಾಸ ಕಾಣುತ್ತದೆ. ‘ನೇರ’ ಎಂಬ ಪದ ನೋಡಿ ಅದೇ ಪರಮ ಸತ್ಯ ಅಂದುಕೊಳ್ಳುವ ಹಾಗಿಲ್ಲ.

ಸೂತ್ರವನ್ನೇ ರಿಪೇರಿ ಮಾಡಿದವರೂ ಇದ್ದಾರೆ. 2013ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸೇತ್ ಮಾರ್ಟಿನ್ ಮತ್ತು ತಂಡ 13 ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶ ಹಿಡಿದು, ಎಲ್ಲರಿಗೂ 5 ಎನ್ನುವ ಬದಲು 180 ಕೋಣೆಗಳ ಒಂದು ಪಟ್ಟಿ ಕೊಟ್ಟಿತು. ನಿಮ್ಮ ಅಂಕಿಗಳು ಯಾವ ಕೋಣೆಗೆ ಬೀಳುತ್ತವೋ ಅಲ್ಲಿನ ಸಂಖ್ಯೆಯಿಂದ ಭಾಗಿಸಬೇಕು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸ್ಯಾಂಪ್ಸನ್ ತಂಡದ ಸೂತ್ರ ಬಂತು, ಟ್ರೈಗ್ಲಿಸರೈಡ್ 800ರವರೆಗೂ ಬಳಸಬಹುದು ಎಂದು. ಹಾಸ್ಟೆಲ್‌ನಲ್ಲಿ ಕೂತು ಅದನ್ನು ಪೈಥಾನ್‌ನಲ್ಲಿ ಬರೆದೆ, ಹತ್ತು ಸಾಲೂ ಆಗಲಿಲ್ಲ. ಅಪ್ಪಾಜಿಯ ಫೆಬ್ರುವರಿ ಅಂಕಿಗಳನ್ನು ಹಾಕಿದರೆ 105 ಬಂತು. 90ಕ್ಕಿಂತ ಮೇಲೆ, ಆದರೂ ಜೂನ್‌ನ 129, 133ಕ್ಕಿಂತ ಕೆಳಗೆ. ಹೊಟ್ಟೆ ತುಂಬಿದ ದಿನದ ರಕ್ತವನ್ನು ಎಷ್ಟು ಜಾಣ ಸೂತ್ರಕ್ಕೆ ಹಾಕಿದರೂ ಅಷ್ಟೇ.

ಆದರೆ ನನ್ನನ್ನು ನಿಜಕ್ಕೂ ಕುಗ್ಗಿಸಿದ್ದು ಸೂತ್ರಗಳಲ್ಲ, ಆರೋಗ್ಯ ಕೇಂದ್ರದ ಡಾಕ್ಟರು. ಎರಡೂ ರಿಪೋರ್ಟ್ ಹಿಡಿದು ಹೋದಾಗ ಅವರು ಹಳೆಯದನ್ನು ನೋಡಿ ಪೆನ್ನಿನಿಂದ ಮೂಲೆಯಲ್ಲಿ ಬರೆದರು, 228ರಿಂದ 34 ಕಳೆದರೆ 194. ‘ಒಟ್ಟು ಮೈನಸ್ ಒಳ್ಳೇದು. ಉಳಿದಿದ್ದೆಲ್ಲ ರಕ್ತನಾಳಕ್ಕೆ ಕೆಟ್ಟದ್ದೇ. ಇದಕ್ಕೆ ಉಪವಾಸವೂ ಬೇಡ, ಐದರ ಮಗ್ಗಿಯೂ ಬೇಡ. ಇದು 130ರ ಒಳಗಿರಬೇಕಿತ್ತು. ಫೆಬ್ರುವರಿಯಲ್ಲೇ ನನ್ನ ಹತ್ರ ಬಂದಿದ್ರೆ ಇಷ್ಟರಲ್ಲೇ ಹೇಳ್ತಿದ್ದೆನಲ್ಲ’ ಎಂದರು. ನಾನ್-ಎಚ್‌ಡಿಎಲ್ ಅನ್ನುವುದು ಇದನ್ನೇ. ಉತ್ತರ ಹಳೇ ರಿಪೋರ್ಟಿನಲ್ಲೇ ಇತ್ತು, ಒಂದೇ ಒಂದು ಕಳೆಯುವ ಲೆಕ್ಕದ ದೂರದಲ್ಲಿ. ಬಿ.ಪಿ.ಯೂ ಗಡಿಯಲ್ಲಿತ್ತು, ಅಣ್ಣನ ಕಥೆ ಬೇರೆ. ಅವತ್ತೇ ಮಾತ್ರೆ ಶುರುವಾಯಿತು.

ಬಸ್ಸಿಗೊಬ್ಬ ಡ್ರೈವರ್

ವಾಪಸ್ ಬರುವಾಗ ಅಪ್ಪಾಜಿಗೆ ಅಪೊ-ಬಿ ಎಂಬ ಇನ್ನೊಂದು ಪರೀಕ್ಷೆಯ ಬಗ್ಗೆ ವಿವರಿಸಲು ಹೋಗಿ ತಡವರಿಸಿದೆ. ಪ್ರತಿ ಎಲ್‌ಡಿಎಲ್ ಕಣದ ಮೇಲೆ ಅಪೊಬಿ ಎಂಬ ಪ್ರೋಟೀನ್ ಒಂದೇ ಒಂದು ಇರುತ್ತದೆ, ವಿಎಲ್‌ಡಿಎಲ್‌ಗೂ ಅಷ್ಟೇ. ಪ್ರತಿಕಾಯ ಬೆರೆಸಿದಾಗ ದ್ರವ ಎಷ್ಟು ಮಂಜಾಗುತ್ತದೆ ಎಂದು ಬೆಳಕಿನಲ್ಲಿ ಅಳೆದು ಅದರ ಪ್ರಮಾಣ ಹೇಳಬಹುದು. ಅಪ್ಪಾಜಿ ಸ್ವಲ್ಪ ಹೊತ್ತು ಯೋಚಿಸಿ, ‘ಅಂದ್ರೆ ಜನ ಎಷ್ಟು ಅಂತ ಎಣಿಸೋದು ಬಿಟ್ಟು ಡ್ರೈವರ್ ಎಣಿಸೋದು. ಬಸ್ಸಿಗೊಬ್ಬನೇ ಡ್ರೈವರ್ ಅಲ್ವಾ. ರೋಡ್ ಜಾಮ್ ಆಗೋದು ಬಸ್ಸಿನಿಂದ, ಪ್ಯಾಸೆಂಜರಿನಿಂದ ಅಲ್ಲ’ ಅಂದರು. ಇದಕ್ಕಿಂತ ಚೆನ್ನಾಗಿ ನನ್ನ ವೈವಾದಲ್ಲೂ ಹೇಳಲಾರೆ. ಒಂದೇ ಪ್ರಮಾಣದ ಕೊಲೆಸ್ಟ್ರಾಲ್ ಕೆಲವೇ ದೊಡ್ಡ ಕಣಗಳಲ್ಲೂ ಇರಬಹುದು, ಬಹಳಷ್ಟು ಚಿಕ್ಕ ಕಣಗಳಲ್ಲೂ ಹಂಚಿಹೋಗಿರಬಹುದು. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಎನ್ನುವ ಜೋಡಿ ನಮ್ಮ ದೇಶದವರಲ್ಲಿ ಬಹಳ ಸಾಮಾನ್ಯ. ಅಂಥವರಲ್ಲಿ ಚಿಕ್ಕ ಕಣಗಳೇ ಜಾಸ್ತಿ. ಎಂಆರ್‌ಐ ಹಿಂದಿರುವ ಎನ್‌ಎಂಆರ್ ತತ್ತ್ವದಿಂದಲೇ ಕಣಗಳ ಗಾತ್ರ, ಸಂಖ್ಯೆ ಎರಡನ್ನೂ ಹೇಳುವ ವಿಧಾನವನ್ನು ಅಮೆರಿಕದ ಜೇಮ್ಸ್ ಆಟ್ವೋಸ್ ಬೆಳೆಸಿದ್ದಾರೆ. ನಮ್ಮ ಊರುಗಳ ಪ್ರಯೋಗಾಲಯಕ್ಕೆ ಅದು ದೂರದ ಮಾತು.

ದೊಡ್ಡಪ್ಪನ ವಿಷಯದಲ್ಲಿ ನನ್ನನ್ನು ಕಾಡುವುದು ಇನ್ನೊಂದು ಕಣ. ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಗುರುತಿಸಿದ ಲಿಪೊಪ್ರೋಟೀನ್-ಎ. ಎಲ್‌ಡಿಎಲ್‌ಗೆ ಬಾಲ ಸಿಕ್ಕಿಸಿದ ಹಾಗಿರುತ್ತದೆ. ಆ ಬಾಲದ ತುಣುಕುಗಳಿಗೆ ಕ್ರಿಂಗಲ್ ಎಂದು ಹೆಸರು, ಸ್ಕ್ಯಾಂಡಿನೇವಿಯಾದ ಒಂದು ಸುರುಳಿ ತಿಂಡಿಯ ಹೆಸರದು. ನಮ್ಮವರು ಕಂಡುಹಿಡಿದಿದ್ದರೆ ಕೋಡುಬಳೆ ಅನ್ನುತ್ತಿದ್ದರು. ಒಬ್ಬೊಬ್ಬರಲ್ಲಿ ಕೋಡುಬಳೆಗಳ ಸಂಖ್ಯೆ ಬೇರೆ ಬೇರೆ ಇರುವುದರಿಂದ ಇದನ್ನು ನಿಖರವಾಗಿ ಅಳೆಯುವುದು ತಲೆನೋವು. ಇದರ ಮಟ್ಟ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ, ಪಥ್ಯದಿಂದ ಇಳಿಯುವುದಿಲ್ಲ. ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಬರುವುದೂ ಇಲ್ಲ, ಪ್ರತ್ಯೇಕವಾಗಿ ಕೇಳಬೇಕು. ಭಾರತೀಯ ಹೃದ್ರೋಗ ತಜ್ಞರ ಸಂಘ ಅಂದರೆ ಸಿಎಸ್‌ಐ 2024ರ ಜುಲೈನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಜೀವನದಲ್ಲಿ ಒಮ್ಮೆಯಾದರೂ ಇದನ್ನು ನೋಡಿಸಿಕೊಳ್ಳಿ ಎಂದಿದೆ. ಅದೇ ಮಾರ್ಗಸೂಚಿ ಮೊದಲ ಲಿಪಿಡ್ ಪರೀಕ್ಷೆಗೆ ಹೇಳುವ ವಯಸ್ಸು 18. ಮನೆಯಲ್ಲಿ ಬೇಗ ಹೃದಯಾಘಾತವಾದ ಇತಿಹಾಸ ಇದ್ದರೆ ಇನ್ನೂ ಮೊದಲೇ. ಗೆಳೆಯರೇ, ಅಂದರೆ ಈ ಪುಟ ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಆಗಲೇ ತಡವಾಗಿದ್ದೇವೆ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಇಂಥ ಪ್ರಯೋಗಾಲಯಗಳಲ್ಲಿ ಬೆಳಿಗ್ಗೆ ರೋಗಿಗಳ ರಕ್ತಕ್ಕಿಂತ ಮುಂಚೆ ಉತ್ತರ ಗೊತ್ತಿರುವ ಕಂಟ್ರೋಲ್ ಸೀರಮ್ ಓಡಿಸುತ್ತಾರೆ. ಫಲಿತಾಂಶವನ್ನು ಲೆವಿ-ಜೆನ್ನಿಂಗ್ಸ್ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಸರಾಸರಿಯಿಂದ ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ ಆಚೆ ಹೋದರೆ ಯಂತ್ರ ನಿಲ್ಲಿಸಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೇಶದ ಪ್ರಯೋಗಾಲಯಗಳಿಗೆ ಗುಟ್ಟಿನ ಮಾದರಿಗಳನ್ನು ಕಳಿಸಿ ಯಾರ ಉತ್ತರ ಎಷ್ಟು ಸರಿ ಎಂದು ತಾಳೆ ನೋಡುವ ವ್ಯವಸ್ಥೆ ನಡೆಸುತ್ತದೆ. ಈ ಸರಪಳಿಯಲ್ಲಿ ಬಿಎಸ್ಸಿ ಎಂಎಲ್‌ಟಿ ಓದಿದವರಿಗೆ, ಪ್ಯಾರಾಮೆಡಿಕಲ್ ಡಿಪ್ಲೊಮಾ ಮಾಡಿದವರಿಗೆ, ಯಂತ್ರ ನೋಡಿಕೊಳ್ಳುವ ನಮ್ಮಂಥ ಸರ್ವಿಸ್ ಎಂಜಿನಿಯರ್‌ಗಳಿಗೆ ಎಲ್ಲರಿಗೂ ಜಾಗವಿದೆ. ಸಾಫ್ಟ್‌ವೇರ್ ಬರೆಯುವವರಿಗಂತೂ ಖಂಡಿತ. 400 ದಾಟಿದರೆ ಜಾಗ ಖಾಲಿ ಬಿಡು ಎಂಬ ಒಂದು ಸಾಲು ಎಷ್ಟೋ ಕಡೆ ಇನ್ನೂ ಬರೆಯಬೇಕಿದೆ.

ನಾನೂ ಮಾಡಿಸಿಕೊಂಡೆ. ನಾನ್-ಎಚ್‌ಡಿಎಲ್ 121, ಎಚ್‌ಡಿಎಲ್ ಮಾತ್ರ ಅಪ್ಪಾಜಿಯಂತೆ ಕಡಿಮೆ, 38. ಲಿಪೊಪ್ರೋಟೀನ್-ಎಗೆ ದುಡ್ಡು ಕೂಡಿಸುತ್ತಿದ್ದೇನೆ, ನನಗೂ ಅಪ್ಪಾಜಿಗೂ ಒಟ್ಟಿಗೇ ಮಾಡಿಸಬೇಕು.

ಮೂರು ತಿಂಗಳ ಮಾತ್ರೆಯ ನಂತರದ ರಿಪೋರ್ಟ್ ಬಂದಾಗ ಅಪ್ಪಾಜಿ ಫೋಟೊ ಕಳಿಸಲಿಲ್ಲ. ದಸರಾ ರಜೆಗೆ ಅವರದೇ ಬಸ್ಸು ಹತ್ತಿ ಊರಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂತಿದ್ದೆ. ಗಾಜಿನ ಮೇಲಿನ ದೇವರ ಫೋಟೊದ ಹಿಂದಿನಿಂದ ಮಡಿಚಿದ ಕಾಗದ ಇಣುಕುತ್ತಿತ್ತು. ತೆಗೆದು ನೋಡಿದೆ. ಅಚ್ಚಾದ ಎಲ್‌ಡಿಎಲ್ ಅಂಕಿಯ ಮೇಲೆ ಒಂದು ಪ್ರಶ್ನೆ ಚಿಹ್ನೆ. ಅದರ ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ, ಟಿಕೆಟ್ ಲೆಕ್ಕ ಬರೆಯುವ ಹಾಗೆ ಒಂದರ ಕೆಳಗೊಂದು, 158 ಮೈನಸ್ 38, ಗೆರೆ ಎಳೆದು 120.

‘ಸರಿ ಇದೆಯಾ ನೋಡು’ ಅಂದರು ಅಪ್ಪಾಜಿ, ರಸ್ತೆಯಿಂದ ಕಣ್ಣು ತೆಗೆಯದೆ.

‘ಕಳೆದಿದ್ದು ಸರಿ ಇದೆ ಅಪ್ಪಾಜಿ’ ಎಂದೆ. ‘ಉಳಿದಿದ್ದನ್ನ ಸೋಮವಾರ ಡಾಕ್ಟರ್ ಹತ್ರ ಕೇಳೋಣ.’